ಮಗ್ಗದಿಂದ ವೈಂಡಿಂಗ್ ಮಿಷಿನ್ನಿಗೆ

ಪೀಣ್ಯದಲ್ಲಿ ಕೆಲಸ ಕೇಳಿಕೊಂಡು ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ, "ಸೇಮ್ ಲೈನ್ ಎಕ್ಸ್‌ಪೀರಿಯನ್ಸ್ ಇದೆಯಾ?" ಇಲ್ಲ ಅಂದರೆ ಹೆಲ್ಪರ್ ಸಂಬಳ. ಬೇರೆ ಲೈನಿನಲ್ಲಿ ವರ್ಷಗಟ್ಟಲೆ ದುಡಿದಿದ್ದರೂ ಲೆಕ್ಕಕ್ಕಿಲ್ಲ. ಇದರಿಂದ ನಷ್ಟ ಕೆಲಸ ಕೊಡುವವರಿಗೇ ಅನ್ನುವುದು ನನ್ನ ಅಭಿಪ್ರಾಯ.

ನಾನಿರುವ ವರ್ಕ್‌ಶಾಪಿನಲ್ಲಿ ನಾವು ಸುತ್ತುವುದು ಸಣ್ಣ ಟ್ರಾನ್ಸ್‌ಫಾರ್ಮರ್‌ಗಳ ಕಾಯಿಲ್. 36 ಗೇಜಿನ ತಾಮ್ರದ ತಂತಿ, ದಪ್ಪ ಸುಮಾರು 0.19 ಮಿ.ಮೀ. ಅದು ನಡುವೆ ಹರಿದರೆ ನಮ್ಮ ಹಳೇ ಮಿಷಿನ್ನಿಗೆ ಗೊತ್ತೇ ಆಗುತ್ತಿರಲಿಲ್ಲ. ಕೌಂಟರ್ ಎಣಿಸುವುದು ಸ್ಪಿಂಡಲ್ ತಿರುಗಿದ್ದನ್ನು, ತಂತಿ ಕೂತದ್ದನ್ನಲ್ಲ. ತಂತಿ ಸುತ್ತಿಕೊಳ್ಳುವ ಬಾಬಿನ್ ಸುಮ್ಮನೆ ತಿರುಗುತ್ತಿದ್ದರೂ ಲೆಕ್ಕ ಏರುತ್ತಲೇ ಇರುತ್ತಿತ್ತು. ಹೊಸ ಮಿಷಿನ್ನುಗಳಲ್ಲಿ ಇದಕ್ಕೆ ಸೆನ್ಸರ್ ಇರುತ್ತದೆ, ನಿಜ. ನಮ್ಮ ಓನರ್ ಕೊಟೇಶನ್ ನೋಡಿ ಮಡಚಿಟ್ಟರು.

ಹೊಸದಾಗಿ ಸೇರಿದ್ದ ಮಹಿಳಾ ಆಪರೇಟರ್ ಒಬ್ಬರು ದೊಡ್ಡಬಳ್ಳಾಪುರದ ಪವರ್‌ಲೂಮಿನಲ್ಲಿ ಕೆಲಸ ಮಾಡಿ ಬಂದವರು. ಒಂದಿನ ಸ್ಕ್ರ್ಯಾಪ್ ಡಬ್ಬ ನೋಡಿ ಕೇಳಿದರು: "ಅಲ್ಲಾ ಸರ್, ನಮ್ ಮಗ್ಗದಲ್ಲಿ ಒಂದೆಳೆ ಹೋದ್ರೂ ಮಿಷಿನ್ ನಿಂತ್ಬಿಡುತ್ತೆ. ಇದ್ಯಾಕೆ ನಿಲ್ಲಲ್ಲ?"

ಹೇಗೆ ನಿಲ್ಲುತ್ತದೆ ಅಂದೆ. ಹಾಸಿನ, ಅಂದರೆ ಬಟ್ಟೆಯ ಉದ್ದಕ್ಕೆ ಹೋಗುವ ನೂಲಿನ, ಒಂದೊಂದು ಎಳೆಗೂ ಒಂದೊಂದು ತೆಳ್ಳಗಿನ ಉಕ್ಕಿನ ಪಟ್ಟಿ ಜೋತುಬಿದ್ದಿರುತ್ತದಂತೆ. ಎಳೆ ಬಿಗಿಯಾಗಿರುವ ತನಕ ಪಟ್ಟಿ ಮೇಲಿರುತ್ತದೆ. ಹರಿದರೆ ಕೆಳಗೆ ಬಿದ್ದು ಕರೆಂಟ್ ತಾಗಿ ಮಗ್ಗ ಆಫ್.

ಪಟ್ಟಿಯನ್ನೇ ತಂದು ತೂಗುಹಾಕಿದ್ದರೆ ತಂತಿಯ ಮೇಲೆ ಕರೆಂಟ್ ತಡೆಯುವ ಎನಾಮಲ್ ಲೇಪ ಕೆರೆದುಹೋಗಿ ಕಾಯಿಲ್ ಶಾರ್ಟ್ ಆಗುತ್ತಿತ್ತು. ಹಾಗಾಗಿ ಪಟ್ಟಿ ಬಿಟ್ಟು ಉಪಾಯ ಮಾತ್ರ ತೆಗೆದುಕೊಂಡೆವು. ತಂತಿಯನ್ನು ಪಿಂಗಾಣಿ ರೋಲರ್ ಮೇಲೆ ಹಾಯಿಸಿ, ಆ ರೋಲರನ್ನು ಸ್ಪ್ರಿಂಗ್ ಇರುವ ಸಣ್ಣ ಕೈಗೆ ಕೂರಿಸಿದೆವು. ತಂತಿ ಹರಿದ ತಕ್ಷಣ ಸ್ಪ್ರಿಂಗ್ ಆ ಕೈಯನ್ನು ಹಿಂದಕ್ಕೆಳೆದು ಲಿಮಿಟ್ ಸ್ವಿಚ್ಚಿಗೆ ತಾಗಿಸುತ್ತದೆ, ಮೋಟರ್ ನಿಲ್ಲುತ್ತದೆ. ಶುರುವಿನಲ್ಲಿ ತಂತಿ ಚೂರು ಸಡಿಲವಾದರೂ ಟ್ರಿಪ್ ಆಗಿ ಪ್ರಾಣ ತಿನ್ನುತ್ತಿತ್ತು. ಸ್ಪ್ರಿಂಗ್ ಬದಲಿಸಿ, ಸಣ್ಣದೊಂದು ಟೈಮರ್ ಹಾಕಿದ ಮೇಲೆ ಸರಿಹೋಯಿತು.

ಈ ಉಪಾಯಕ್ಕೆ ದೊಡ್ಡ ಇತಿಹಾಸವೇ ಇದೆ. ಜಪಾನಿನ ಸಕಿಚಿ ಟೊಯೊಡಾ 1924ರಲ್ಲಿ ಹೊರತಂದ ಆಟೋಮ್ಯಾಟಿಕ್ ಮಗ್ಗ ಎಳೆ ಹರಿದರೆ ತಾನೇ ನಿಲ್ಲುತ್ತಿತ್ತು. ಆತನ ಮಗ ಕಾರು ತಯಾರಿಕೆಗೆ ಇಳಿದರು, ಅದೇ ಟೊಯೊಟಾ. ತಪ್ಪಾದ ತಕ್ಷಣ ಲೈನ್ ನಿಲ್ಲಬೇಕು ಅನ್ನುವ ಟೊಯೊಟಾ ಪದ್ಧತಿಯ ಬೇರು ಆ ಮಗ್ಗದಲ್ಲಿದೆ. ಬಿಡದಿಯಲ್ಲಿ ಕಾರು ಮಾಡುವವರ ಅಜ್ಜ ಮಗ್ಗ ಮಾಡುತ್ತಿದ್ದರು ಅಂತ ಆಕೆಗೆ ಹೇಳಿದಾಗ, "ಹಂಗಾದ್ರೆ ಅವರೂ ನಮ್ಮೋರೇ ಬಿಡಿ ಸರ್" ಅಂದು ನಕ್ಕರು.

ಈಗ ಎಲ್ಲಾದರೂ ತೊಡಕು ಬಂದರೆ "ಏನು ಮಾಡೋಣ?" ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಹಾಗೆ ಕೇಳಿದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. "ಇಂಥದ್ದು ಹಿಂದೆ ಎಲ್ಲಾದ್ರೂ ನೋಡಿದ್ರಾ?" ಅಂದರೆ ಮಾತು ಬರುತ್ತದೆ. ದರ್ಶಿನಿಯಲ್ಲಿದ್ದ ಹುಡುಗ, ದೋಸೆ ಕೊಟ್ಟ ಮೇಲೆ ಬಿಲ್ಲನ್ನು ಚೂರು ಹರಿಯುವ ಹಾಗೆ ಜಾಬ್ ಕಾರ್ಡಿನ, ಅಂದರೆ ಒಂದೊಂದು ಕೆಲಸಕ್ಕೂ ಕೊಡುವ ಚೀಟಿಯ, ಮೂಲೆ ಹರಿಯೋಣ ಅಂದ. ಒಂದೇ ಕಾರ್ಡಿಗೆ ಎರಡು ಸಲ ತಾಮ್ರ ಇಶ್ಯೂ ಆಗುವುದು ನಿಂತಿತು. ಆಟೋ ಓಡಿಸುತ್ತಿದ್ದವರು ಮಿಷಿನ್ನಿಗೊಂದು ಹಾರ್ನ್ ಬೇಕೆಂದರು. ಹಾಕಿಸಿ ಸಂಜೆಯೊಳಗೆ ಕಿತ್ತೆಸೆದೆವು.