ಬ್ಲಾಕ್ ತೆಗೆದ ಮೇಲೂ ಯಾಕೆ ಸುಸ್ತು?

ಹಾರ್ಟ್ ಅಟ್ಯಾಕ್ ಅಂದರೆ ಹೃದಯ ನಿಂತುಹೋಗುವುದು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಂಡು, ಅದನ್ನು ನಂಬಿಕೊಂಡಿದ್ದ ಮಾಂಸಖಂಡ ಸಾಯಲು ಶುರುವಾಗುತ್ತದೆ. ಹೃದಯ ಬಡಿಯುತ್ತಲೇ ಇರುತ್ತದೆ, ಮನುಷ್ಯ ಓಡಾಡುತ್ತಲೂ ಇರಬಹುದು. ಅದಕ್ಕೇ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗುವವರು ಜಾಸ್ತಿ.

ನಮ್ಮ ಭಾವ ಮಾಡಿದ್ದೂ ಅದನ್ನೇ. ಕಾಫಿ ಕುಯ್ಲಿನ ಸಮಯ, ಕಣದ ತುಂಬ ಹಣ್ಣು ಹರಡಿತ್ತು, ಸಂಜೆ ಚೀಲ ತೂಕ ಹಾಕಿ ಆಳುಗಳಿಗೆ ಲೆಕ್ಕ ಕೊಡಬೇಕಿತ್ತು. ಬೆಳಿಗ್ಗೆಯೇ ಎದೆ ಹಿಂಡಿ ಬೆವರು ಬಂದಿದ್ದರೂ ಕತ್ತಲಾಗುವವರೆಗೆ ಬಾಯಿ ಬಿಡಲಿಲ್ಲ. ಈಗ ನಾಳದೊಳಗೆ ಸ್ಟೆಂಟ್ ಅಂತ ಸಣ್ಣ ಜಾಲರಿ ಕೊಳವೆ ಹಾಕಿದೆ. ಆದರೂ ಗದ್ದೆಯಿಂದ ಮನೆಗೆ ಹತ್ತುವ ಏರಿನಲ್ಲಿ ನಿಂತು ನಿಂತು ಬರುತ್ತಾರೆ. ಬ್ಲಾಕ್ ತೆಗೆದಾಯ್ತಲ್ಲ, ಮತ್ತೇಕೆ ಹೀಗೆ ಅಂತ ಅಕ್ಕ ಕೇಳುತ್ತಾಳೆ. ಉತ್ತರ ಅವರ ಎಕೋ, ಅಂದರೆ ಹೃದಯದ ಸ್ಕ್ಯಾನ್ ರಿಪೋರ್ಟಿನಲ್ಲೇ ಇದೆ. ಎಜೆಕ್ಷನ್ ಫ್ರಾಕ್ಷನ್ 35%. ಅಂದರೆ ಹೃದಯದ ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೂ ಹೊರಗೆ ಹೋಗುವುದು ಅಷ್ಟೇ. ಸಾಮಾನ್ಯವಾಗಿ ಇದು 55ಕ್ಕಿಂತ ಮೇಲಿರುತ್ತದೆ. ಸ್ಟೆಂಟ್ ನಾಳವನ್ನು ತೆರೆಯುತ್ತದೆ, ಸತ್ತ ಮಾಂಸಕ್ಕೆ ಜೀವ ಕೊಡಲು ಅದರಿಂದ ಆಗುವುದಿಲ್ಲ. ಆ ಜಾಗದಲ್ಲಿ ಕೆಲವು ವಾರಗಳಲ್ಲಿ ಗಾಯದ ಕಲೆಯಂಥ ಗಟ್ಟಿ ನಾರು ಕೂರುತ್ತದೆ, ಅದು ಕುಗ್ಗಿ ಹಿಗ್ಗುವುದಿಲ್ಲ.

ಆದರೆ ಎಲ್ಲ ಒಂದೇ ಸಲಕ್ಕೆ ಸಾಯುವುದಿಲ್ಲ, ನಮಗೆ ಇರುವ ಅವಕಾಶವೇ ಅದು. ನಾಳ ಪೂರ್ತಿ ಕಟ್ಟಿದರೆ ಸುಮಾರು 20 ನಿಮಿಷದ ನಂತರ ಸಾವು ಶುರು. ಕಾಲುವೆ ನೀರು ನಿಂತಾಗ ಕೊನೆಯ ಗದ್ದೆ ಮೊದಲು ಒಣಗುವ ಹಾಗೆ ಹೃದಯದ ಗೋಡೆಯ ಒಳಪದರ ಮೊದಲು ಹೋಗುತ್ತದೆ, ಯಾಕಂದರೆ ದೊಡ್ಡ ನಾಳಗಳಿರುವುದು ಹೊರಮೈ ಮೇಲೆ. ಆಮೇಲೆ ಗಂಟೆಗಟ್ಟಲೆ ಅದು ಹೊರಕ್ಕೆ ಹಬ್ಬುತ್ತದೆ. 1977ರಲ್ಲಿ ಅಮೆರಿಕದ ಸಂಶೋಧಕರಾದ ರೈಮರ್, ಜೆನ್ನಿಂಗ್ಸ್ ಮತ್ತು ಜೊತೆಗಾರರು ನಾಯಿಗಳ ಹೃದಯದಲ್ಲಿ ಇದನ್ನು ತೋರಿಸಿಕೊಟ್ಟರು.

ಹಾಗಾಗಿ ದಯವಿಟ್ಟು ಎದೆನೋವು ಬಂದವರನ್ನು ಜೀಪಿಗೆ ಹಾಕಿಕೊಂಡು ನೇರ ಮೈಸೂರಿಗೆ ಓಡಬೇಡಿ. ಮಡಿಕೇರಿಯಿಂದಲೇ ಅದು ಸುಮಾರು 120 ಕಿಲೋಮೀಟರ್. ಮಂಗಳೂರಿಗಾದರೆ ಸಂಪಾಜೆ ಘಾಟಿ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. 108ಕ್ಕೆ ಫೋನ್ ಮಾಡಿ, ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ರಾಜ್ಯ ಸರ್ಕಾರದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಅದು ಬಿದ್ದ ಮೇಲೆ ಮೈಸೂರಿಗೆ ಹೋಗಬಹುದು.

ಲಕ್ವ ಹೊಡೆಯುವುದೂ ಹೆಚ್ಚಾಗಿ ಹೀಗೇ, ಮೆದುಳಿನ ನಾಳ ಕಟ್ಟಿಕೊಂಡು. ಆದರೆ ಮೆದುಳಿಗೆ ಅಷ್ಟೂ ತಾಳ್ಮೆ ಇಲ್ಲ. ತೂಕದಲ್ಲಿ ಮೈಯ 2%, ಆಮ್ಲಜನಕ ಮಾತ್ರ 20% ಬೇಕು, ಕೂಡಿಟ್ಟದ್ದೂ ಏನಿಲ್ಲ. ದೊಡ್ಡ ನಾಳ ಕಟ್ಟಿದರೆ ನಿಮಿಷಕ್ಕೆ 19 ಲಕ್ಷ ನರಕೋಶ ಹೋಗುತ್ತವೆ ಅಂತ 2006ರಲ್ಲಿ ಅಮೆರಿಕದ ನರರೋಗ ತಜ್ಞ ಡಾ. ಜೆಫ್ರಿ ಸೇವರ್ ಲೆಕ್ಕ ಹಾಕಿದರು. ಪಕ್ಕದ ಮನೆ ಅಜ್ಜಿಯ ಹಳೆಯ ಸಿಟಿ ಫಿಲ್ಮ್ ಕಿಟಕಿಗೆ ಹಿಡಿದು ನೋಡಿದ್ದೆ. ಬೂದು ಬಣ್ಣದ ನಡುವೆ ಒಂದು ಕಪ್ಪು ತೇಪೆ. ಸತ್ತ ಭಾಗ ಕರಗಿ, ನೀರು ತುಂಬಿದ ಪೊಳ್ಳಾಗಿತ್ತು. ಅದು ಮೆದುಳಿನ ಬಲಭಾಗ, ಎಡಮೈಯನ್ನು ಆಡಿಸುವುದು ಅದೇ, ಹಾಗಾಗಿ ಸ್ವಾಧೀನ ತಪ್ಪಿರುವುದು ಎಡಗೈ.

ಲಕ್ವ ಹೊಡೆದ ಮೊದಲ ಗಂಟೆಗಳಲ್ಲಿ ಸತ್ತ ಭಾಗದ ಸುತ್ತ ಇನ್ನೊಂದು ಭಾಗ ಇರುತ್ತದೆ. ಅಕ್ಕಪಕ್ಕದ ನಾಳಗಳಿಂದ ಬರುವ ಸ್ವಲ್ಪ ರಕ್ತದಲ್ಲಿ ಅದು ಕೆಲಸ ನಿಲ್ಲಿಸಿ, ಜೀವ ಹಿಡಿದುಕೊಂಡು ಕೂತಿರುತ್ತದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ಅದನ್ನು ಉಳಿಸಲು. ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದೂ ಸಿಟಿ ಸ್ಕ್ಯಾನ್ ಆದ ಮೇಲೆ. ಕೆಲವರಿಗೆ ಲಕ್ವ ಹೊಡೆಯುವುದು ಮೆದುಳಿನಲ್ಲಿ ರಕ್ತಸ್ರಾವವಾಗಿ, ಅವರಿಗೆ ಇದೇ ಇಂಜೆಕ್ಷನ್ ಪ್ರಾಣ ತೆಗೆಯಬಹುದು. ಆದ್ದರಿಂದ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ, ಎಣ್ಣೆ ತಿಕ್ಕುತ್ತಾ ಕೂರಬೇಡಿ. ಸಿಟಿ ಸ್ಕ್ಯಾನ್ ಇರುವ ಕಡೆಗೇ ಹೊರಡಿ. ಅವರು ಸರಿಯಾಗಿದ್ದದ್ದನ್ನು ಕೊನೆಯ ಸಲ ನೋಡಿದ್ದು ಎಷ್ಟು ಗಂಟೆಗೆ ಅಂತ ಬರೆದುಕೊಂಡು ಹೋಗಿ, ಡಾಕ್ಟರು ಮೊದಲು ಕೇಳುವುದೇ ಅದನ್ನು.