ಎಪ್‌ವರ್ತಿನಲ್ಲಿ ನಮ್ಮ ಸಿಸ್ಟರ್

ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಲ್ಲಿ ರೈಲು ಹತ್ತಿದರೆ ಲೆಸ್ಟರ್ ಒಂದು ಗಂಟೆ ಚಿಲ್ಲರೆಯ ದಾರಿ. ಸ್ಟೇಷನ್ನಿಗೆ ಬಂದಿದ್ದ ಗೆಳತಿ ನನ್ನನ್ನು ಕಂಡವಳೇ, "ಏನೇ ಇಷ್ಟು ಸೊರಗಿದೀಯ!" ಎಂದು ತಬ್ಬಿಕೊಂಡಳು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ (ಊರಿನವರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ) ಹಾಸ್ಟೆಲ್ಲಿನಲ್ಲಿ, ನರ್ಸಿಂಗ್ ಕಲಿಯುತ್ತ ಮೂರು ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದವರು. ಭಾನುವಾರ ಅವಳು ಚರ್ಚಿಗೆ ಹೊರಟಾಗ ಸೀರೆಯ ನೆರಿಗೆ ಹಿಡಿಯುತ್ತಿದ್ದವಳು ನಾನು. ಗೌರಿಹಬ್ಬಕ್ಕೆ ನಮ್ಮ ಮನೆಯಿಂದ ಬರುತ್ತಿದ್ದ ಒಬ್ಬಟ್ಟಿನಲ್ಲಿ ಮೊದಲ ಪಾಲು ಅವಳದು.

ಸಂಜೆ ಬೆಲ್‌ಗ್ರೇವ್ ರಸ್ತೆಯ ಗುಜರಾತಿ ಅಂಗಡಿಗಳಲ್ಲಿ ನುಗ್ಗೆಕಾಯಿ, ಕರಿಬೇವು ಕೊಂಡು ಬಂದು ಹುಳಿ ಮಾಡಿದೆವು. ವಿಲಿಯಂ ಕೇರಿ ಭಾರತಕ್ಕೆ ಹೊರಡುವ ಮೊದಲು ಪಾದ್ರಿಯಾಗಿದ್ದದ್ದು ಈ ಊರಿನಲ್ಲೇ. ಚಪ್ಪಲಿ ಹೊಲಿಯುವ ಕಸುಬು ಕಲಿತಿದ್ದ ಆತ 1793ರಲ್ಲಿ ಹಡಗು ಹತ್ತಿ, 1817ರಲ್ಲಿ ಬಂಗಾಳದ ಸೆರಾಂಪುರದಿಂದ ಕನ್ನಡದ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದ. ನಲವತ್ತು ವರ್ಷದಿಂದ ಇಲ್ಲಿರುವ ಗೆಳತಿಗೆ ಈ ವ್ಯಾಕರಣದ ಸಂಗತಿ ಗೊತ್ತಿರಲಿಲ್ಲ. ಹೇಳಿದಾಗ ಒಗ್ಗರಣೆ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು.

ಮರುದಿನ ಅವಳ ಕಾರಿನಲ್ಲಿ ಉತ್ತರಕ್ಕೆ ಹೊರಟೆವು. ಲೆಸ್ಟರಿನಿಂದ ಲಿಂಕನ್ ಕಡೆಗೆ ಹೋಗುವ ರಸ್ತೆ ಬಹುಪಾಲು ರೋಮನ್ನರು ಹಾಕಿದ ಫಾಸ್ ವೇ ಜಾಡಿನಲ್ಲೇ ಇದೆ, ದಾರ ಎಳೆದ ಹಾಗೆ ನೇರ. ಲಿಂಕನ್ನಿನ ಗುಡ್ಡದ ಮೇಲಿನ ಕೆಥೆಡ್ರಲ್ ದೂರದಿಂದಲೇ ಕಂಡಿತು. ಅಲ್ಲಿ ಇಳಿಯಲಿಲ್ಲ. ನಮಗೆ ಎಪ್‌ವರ್ತ್ ತಲುಪುವ ಅವಸರ. ಮಿಷನ್ ಆಸ್ಪತ್ರೆಯಲ್ಲಿ ನಮಗೆ ನರ್ಸಿಂಗ್ ಪಾಠ ಹೇಳಿದ ಇಂಗ್ಲೆಂಡಿನ ಸಿಸ್ಟರ್ ಅಲ್ಲೇ ವೃದ್ಧಾಶ್ರಮದಲ್ಲಿದ್ದರು. ವಯಸ್ಸು ತೊಂಬತ್ತೊಂದು.

ಬಾಗಿಲಲ್ಲಿ ನಿಂತ ನನ್ನ ಹಣೆಯ ಕುಂಕುಮ ನೋಡಿದರು, ಮುಖ ನೋಡಿದರು. "ಬಾಮ್ಮ, ಒಳಗೆ ಬಾ. ಕಾಫಿ ಕುಡಿದ್ರಾ?" ಅದೇ ಮಂಡಿ ಮೊಹಲ್ಲಾದ ಕನ್ನಡ, ಅದೇ ಗದರಿಸುವ ದನಿ. ನನಗೆ ಮಾತೇ ಹೊರಡಲಿಲ್ಲ. ರೋಗಿಯ ಹಾಸಿಗೆಯ ಮೂಲೆ ಮಡಿಕೆ ಸಡಿಲವಿದ್ದರೆ ಪೂರ್ತಿ ಕಿತ್ತು ಮತ್ತೆ ಹಾಕಿಸುತ್ತಿದ್ದ ಕೈಗಳು ಈಗ ನಡುಗುತ್ತಿದ್ದವು. ನನ್ನ ತಾಯಿ ಅದೇ ಆಸ್ಪತ್ರೆಯಲ್ಲಿ ಕೊನೆಯ ಎರಡು ವಾರ ಕಳೆದಾಗ, ರಾತ್ರಿ ಪಾಳಿ ಮುಗಿದ ಮೇಲೂ ಕೂತು ಅವಳ ಕಾಲು ಒತ್ತಿದವರು ಇವರು. ಅಂದು ಅಮ್ಮನ ಬಾಯಿಗೆ ತೀರ್ಥ ಬಿಡಲು ನಮಗೆ ಜಾಗ ಬಿಟ್ಟು, ಪಕ್ಕಕ್ಕೆ ನಿಂತು ಕಣ್ಣು ಮುಚ್ಚಿ ಪ್ರಾರ್ಥಿಸಿದ್ದರು.

ಮಧ್ಯಾಹ್ನ ಬಿಸಿಲು ಬಂತು. ಗಾಲಿಕುರ್ಚಿ ತಳ್ಳಿಕೊಂಡು ಸೇಂಟ್ ಆಂಡ್ರೂಸ್ ಚರ್ಚಿಗೆ ಹೋದೆವು. ಮೆಥಡಿಸ್ಟ್ ಎಂಬ ಕ್ರೈಸ್ತ ಪಂಥವನ್ನು ಕಟ್ಟಿದ ಜಾನ್ ವೆಸ್ಲಿ 1703ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. 1709ರಲ್ಲಿ ಮನೆಗೆ ಬೆಂಕಿ ಬಿದ್ದಾಗ ಐದು ವರ್ಷದ ಹುಡುಗನನ್ನು ಮೇಲಿನ ಕಿಟಕಿಯಿಂದ ಎತ್ತಿ ಉಳಿಸಿದರಂತೆ. ದೊಡ್ಡವನಾಗಿ 1742ರಲ್ಲಿ ಮರಳಿ ಬಂದಾಗ, ತಂದೆ ಪಾದ್ರಿಯಾಗಿದ್ದ ಚರ್ಚಿನೊಳಗೇ ಬೋಧನೆಗೆ ಅವಕಾಶ ಸಿಗಲಿಲ್ಲ. ಹೊರಗಿದ್ದ ತಂದೆಯ ಸಮಾಧಿಯ ಕಲ್ಲಿನ ಮೇಲೆ ನಿಂತು ಹಲವು ಸಂಜೆ ಮಾತಾಡಿದ. ಆ ಕಲ್ಲನ್ನು ಸಿಸ್ಟರ್ ಬೆರಳಿನಿಂದ ತೋರಿಸಿದರು. ಇವರನ್ನು ಮೈಸೂರಿಗೆ ಕಳಿಸಿದ್ದು ಅದೇ ಪಂಥ.

ಅಲ್ಲೇ ಗೆಳತಿ ಮೆಲ್ಲಗೆ ಶುರು ಮಾಡಿದಳು: "ಪರಲೋಕದಲ್ಲಿರುವ ನಮ್ಮ ತಂದೆಯೇ..." ಸಿಸ್ಟರ್ ದನಿಗೂಡಿಸಿದರು. ವಾರ್ಡಿನಲ್ಲಿ ದಿನಾ ಬೆಳಿಗ್ಗೆ ಕೇಳಿದ್ದ ನನಗೂ ಸಾಲುಗಳು ತಾವಾಗಿ ಬಂದವು. ಅನುದಿನದ ಆಹಾರ ಕೇಳುವ ಸಾಲಿನಲ್ಲಿ ಅವರು ನನ್ನ ಕೈ ಹಿಡಿದುಕೊಂಡರು.

ಕೋಣೆಗೆ ಮರಳಿ ಅವರನ್ನು ಮಲಗಿಸುವ ಮುನ್ನ ನಾವಿಬ್ಬರೂ ಎರಡು ಕಡೆ ನಿಂತು ಹಾಸಿಗೆ ಸರಿಮಾಡಿದೆವು. ಸಿಸ್ಟರ್ ಕುರ್ಚಿಯಿಂದಲೇ ಬಾಗಿ, ನಾನು ಮಡಿಸಿದ ಮೂಲೆಯನ್ನು ಮುಟ್ಟಿ ನೋಡಿದರು.

"ಇನ್ನೂ ಸ್ವಲ್ಪ ಬಿಗಿ ಆಗ್ಬೇಕು" ಅಂದರು.

ಬಿಚ್ಚಿ ಮತ್ತೆ ಹಾಕಿದೆ.