ಸಾಂತ್ ಆಂತೋನಿಯಲ್ಲಿ ಮಕ್ಕಳ ಕೈ ಬಿಟ್ಟು

ಬಾರ್ಸಿಲೋನಾದಲ್ಲಿ ನೋಡಲೇಬೇಕು ಎಂದು ಎಲ್ಲರೂ ಹೇಳುವುದನ್ನೆಲ್ಲ ನಾವೂ ನೋಡಿದೆವು. ಸಗ್ರಾದಾ ಫಮೀಲಿಯಾ ಚರ್ಚಿನ ಒಳಗೆ ಬಣ್ಣದ ಗಾಜಿನಿಂದ ಬೆಳಕು ಸುರಿಯುತ್ತಿದ್ದಾಗ ಮೂರು ವರ್ಷದ ಮಗ ಸ್ಟ್ರೋಲರ್‌ನಲ್ಲಿ ಗೊರಕೆ ಹೊಡೆಯುತ್ತಿದ್ದ. ಲಾ ರಾಂಬ್ಲಾ ಎಂಬ ಜನಜಂಗುಳಿಯ ಬೀದಿಯಲ್ಲಿ ಅವನಿಗೆ ಕಂಡದ್ದು ಜನರ ಮೊಣಕಾಲುಗಳು ಮಾತ್ರ, ನನಗೆ ಕಂಡದ್ದು ಪಾಯೆಲ್ಲಾ ಎಂಬ ಅನ್ನದ ಖಾದ್ಯದ ಬಣ್ಣಗೆಟ್ಟ ಫೋಟೊಗಳು. ಆ ದಿನಗಳನ್ನು ಅಲ್ಲಿಗೇ ಬಿಡುತ್ತೇನೆ. ಬರೆಯಬೇಕೆನಿಸಿದ್ದು ನಾವು ಮನೆ ಹಿಡಿದಿದ್ದ ಸಾಂತ್ ಆಂತೋನಿ ಎಂಬ ಬಡಾವಣೆಯ ಬಗ್ಗೆ, ಅದರಲ್ಲೂ ತಮರೀತ್ ಮತ್ತು ಕೊಮ್ತೆ ಬೊರೆಲ್ ಎಂಬ ಎರಡು ರಸ್ತೆಗಳು ಕೂಡುವ ಜಾಗದ ಬಗ್ಗೆ.

ಈ ಭಾಗದ ಬೀದಿಗಳನ್ನು 1859ರಲ್ಲಿ ಇಲ್ದೆಫೋನ್ಸ್ ಸೆರ್ದಾ ಎಂಬ ಎಂಜಿನಿಯರ್ ಗೆರೆ ಎಳೆದು ಯೋಜಿಸಿದ. ಸುಮಾರು 113 ಮೀಟರಿನ ಚೌಕಗಳು, ಪ್ರತಿ ಚೌಕದ ನಾಲ್ಕು ಮೂಲೆಗಳನ್ನೂ ಓರೆಯಾಗಿ ಕತ್ತರಿಸಿದ ಕಟ್ಟಡಗಳು. ಹಾಗಾಗಿ ನಾಲ್ಕು ರಸ್ತೆಗಳು ಕೂಡುವಲ್ಲೆಲ್ಲ ಎಂಟು ಮೂಲೆಯ ಬಯಲೊಂದು ತಾನಾಗಿ ತೆರೆದುಕೊಳ್ಳುತ್ತದೆ. ಅದರಲ್ಲಿ ಬಹುಕಾಲ ವಾಹನಗಳದ್ದೇ ಕಾರುಬಾರು. 2018ರಲ್ಲಿ ಇಲ್ಲಿ ‘ಸೂಪರ್‌ಬ್ಲಾಕ್’ ಮಾಡಿದರು. ಗೇಟು ಹಾಕಿ ಬೀದಿ ಮುಚ್ಚಿಲ್ಲ. ಕಾರು ಬರಬಹುದು, ಆದರೆ ನೇರವಾಗಿ ದಾಟಿ ಹೋಗುವಂತಿಲ್ಲ. ತಿರುಗಿಸಿ ತಿರುಗಿಸಿ ಹೊರಗೇ ಕಳಿಸುತ್ತಾರೆ. ವೇಗ ಗಂಟೆಗೆ 10 ಕಿಲೋಮೀಟರ್. ಹೀಗಾದಾಗ ಅಲ್ಲಿ ಕೆಲಸವಿಲ್ಲದವರು ಯಾಕೆ ಬರುತ್ತಾರೆ? ಲಾರಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಗಿಡದ ತೊಟ್ಟಿಗಳು, ಬೆಂಚುಗಳು, ಮೇಜುಗಳು.

ಇದೆಲ್ಲ ಬುದ್ಧಿಗೆ ತಿಳಿದರೂ ಕೈಗೆ ತಿಳಿಯಲಿಲ್ಲ. ಮೂಲೆ ಬಂದ ಕೂಡಲೇ ನನ್ನ ಕೈ ಆರು ವರ್ಷದ ಮಗಳ ಮಣಿಕಟ್ಟನ್ನು ಹಿಡಿದುಬಿಡುತ್ತಿತ್ತು. ಅವಳು ಒಂದು ಸಂಜೆ ಅಲ್ಲೇ ನಿಂತು, “ಅಮ್ಮಾ, ಗಾಡಿ ಎಲ್ಲಿದೆ ತೋರಿಸು” ಎಂದಳು. ತೋರಿಸಲು ಯಾವುದೂ ಇರಲಿಲ್ಲ. ಬಿಟ್ಟೆ.

ಮರುದಿನ ಬೆಳಿಗ್ಗೆ ಗಾಡಿಯೂ ಬಂತು. ಮಗ ರಸ್ತೆಯ ನಟ್ಟನಡುವೆ ಕುಕ್ಕರುಗಾಲಲ್ಲಿ ಕುಳಿತು, ನೆಲಕ್ಕೆ ಬಳಿದ ಬಿಳಿ ಚಿತ್ತಾರದ ಮೇಲೆ ಬೆರಳಾಡಿಸುತ್ತಿದ್ದ. ಹಿಂದೆ ಸಾಮಾನು ತುಂಬಿದ ವ್ಯಾನೊಂದು ಬಂದು ನಿಂತಿತು. ಹಾರನ್ ಇಲ್ಲ, ಎಂಜಿನ್ ಗುರುಗುಟ್ಟಿಸುವುದೂ ಇಲ್ಲ. ನಾನು ಕಾಫಿ ಲೋಟ ಕೆಳಗಿಟ್ಟು ಓಡಬೇಕೆನ್ನುವಷ್ಟರಲ್ಲಿ ಚಾಲಕ ಕಿಟಕಿಯಿಂದ ಕೈ ಹೊರಚಾಚಿ, ಇರಲಿ ಎನ್ನುವಂತೆ ಸನ್ನೆ ಮಾಡಿದ. ಮಗ ಆ ಗೆರೆಯನ್ನು ಕೊನೆಯವರೆಗೂ ತೀಡಿ ಮುಗಿಸಿ, ಎದ್ದು, ವ್ಯಾನನ್ನು ಒಮ್ಮೆ ಪರೀಕ್ಷಿಸಿ, ಬದಿಗೆ ಸರಿದ. ವ್ಯಾನು ಹೋಯಿತು. ಗಾಳಿಗೋಪುರದಷ್ಟು ಎತ್ತರದ ಚರ್ಚುಗಳಿಗಿಂತ ನನಗೆ ಆ ಚಾಲಕನೇ ಹೆಚ್ಚು ನೆನಪಿನಲ್ಲಿದ್ದಾನೆ.

ಆಮೇಲಿನ ದಿನಗಳು ಒಂದರೊಳಗೊಂದು ಕರಗಿಹೋದವು. ಬ್ರೆಡ್ಡಿನ ಅಂಗಡಿಗೆ ಮಗಳೇ ಮುಂದೆ ಹೋಗುತ್ತಿದ್ದಳು. ಕೊಮ್ತೆ ಬೊರೆಲ್‌ನಲ್ಲೇ ಒಂದು ಸಾರ್ವಜನಿಕ ಗ್ರಂಥಾಲಯವಿದೆ. 2017ರಲ್ಲಿ ಪ್ರಿಟ್ಜ್ಕರ್ ಪ್ರಶಸ್ತಿ ಪಡೆದ ಆರ್‌ಸಿಆರ್ ವಾಸ್ತುಶಿಲ್ಪಿಗಳು ಕಟ್ಟಿದ್ದು. ಕಟ್ಟಡದ ಅಡಿಯಲ್ಲೇ ಹಾದು ಹಿಂಬದಿಗೆ ಹೋದರೆ, ನಾಲ್ಕೂ ಕಡೆ ಮನೆಗಳ ಬೆನ್ನು ಕಾಣುವ ಒಳ ಅಂಗಳ. ಮಕ್ಕಳು ಅಲ್ಲಿ ಓಡುತ್ತಾರೆ, ಪಕ್ಕದ ವೃದ್ಧರ ಕೇಂದ್ರದವರು ಅದನ್ನು ನೋಡುತ್ತಾರೆ. ಚೌಕಗಳ ಒಳಗೆಲ್ಲ ಹೀಗೆ ತೋಟ ಇರಬೇಕೆಂಬುದೇ ಸೆರ್ದಾನ ಆಸೆಯಾಗಿತ್ತು, ಆಮೇಲೆ ಬಂದವರು ಕಟ್ಟಡ ತುಂಬಿಸಿಬಿಟ್ಟರು.

ಊಟದ ವಿಷಯದಲ್ಲಿ ನನ್ನ ಮತ ಸ್ಪಷ್ಟ. ಬ್ರೆಡ್ಡಿನ ಮೇಲೆ ಹಣ್ಣು ಟೊಮೆಟೊ ಉಜ್ಜಿ, ಆಲಿವ್ ಎಣ್ಣೆ, ಉಪ್ಪು ಹಾಕಿ ಕೊಡುವ ಪಾ ಆಂಬ್ ತೊಮಾಕೆತ್ ಇದ್ದರೆ ಮಕ್ಕಳೊಂದಿಗೆ ಎಷ್ಟು ದಿನವಾದರೂ ಇರಬಹುದು. ಚುರೋಸ್ ಎಂಬ ಕರಿದ ತಿಂಡಿಯ ಜೊತೆ ಕೊಡುವ ಬಿಸಿ ಚಾಕೊಲೇಟ್ ಮಾತ್ರ ಗಂಟಲಲ್ಲಿ ಇಳಿಯದ ಅಂಬಲಿ. ಮಕ್ಕಳು ಒಪ್ಪುವುದಿಲ್ಲ.

ಭಾನುವಾರದ ಬಗ್ಗೆ ಹೇಳದಿದ್ದರೆ ಮಗಳು ಬೇಸರಪಟ್ಟುಕೊಳ್ಳುತ್ತಾಳೆ. 1882ರಲ್ಲಿ ತೆರೆದ, ಕಬ್ಬಿಣದಲ್ಲಿ ಕಟ್ಟಿದ ಮಾರುಕಟ್ಟೆಯ ಹೊರಗೆ ಅವತ್ತು ಬೆಳಿಗ್ಗೆ ಹಳೆಯ ಪುಸ್ತಕದ ಸಂತೆ. ಅದರ ಆಸುಪಾಸಿನಲ್ಲಿ ಮಕ್ಕಳು ಫುಟ್‌ಬಾಲ್ ಆಟಗಾರರ ಚಿತ್ರಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ರಬ್ಬರ್ ಬ್ಯಾಂಡ್ ಸುತ್ತಿದ ಕಟ್ಟು ಎಡಗೈಯಲ್ಲಿ. ಹೆಬ್ಬೆರಳು ಒಂದೊಂದೇ ಚಿತ್ರವನ್ನು ಸರಿಸುತ್ತ ಹೋದಂತೆ ಎದುರಿನವರು ಇದೆ, ಇದೆ, ಇಲ್ಲ ಎನ್ನಬೇಕು. ತಮ್ಮಲ್ಲಿ ಇಲ್ಲದ ಚಿತ್ರಗಳ ಸಂಖ್ಯೆಗಳ ಪಟ್ಟಿಯನ್ನು ಅಪ್ಪಂದಿರು ಹಿಡಿದು ನಿಂತಿರುತ್ತಾರೆ. ಮಗಳಿಗೆ ಆಟಗಾರರು ಯಾರೆಂದು ಗೊತ್ತಿಲ್ಲ. ಹಳದಿ ಗವಸು ತೊಟ್ಟ ಗೋಲ್‌ಕೀಪರ್ ಒಬ್ಬ ಅವಳಿಗೆ ಬೇಕಾಗಿದ್ದ. ಹುಡುಗನೊಬ್ಬ ಮೂರು ಬೆರಳು ತೋರಿಸಿದ; ಇವಳು ಮೂರು ಚಿತ್ರ ಎಣಿಸಿ ಕೊಟ್ಟಳು. ಹುಡುಗನ ಅಪ್ಪ ಅವನ ತಲೆಗೆ ಮೆಲ್ಲಗೆ ಮೊಟಕಿ ಎರಡನ್ನು ವಾಪಸ್ ಕೊಡಿಸಿದ. ಮಗಳಿಗೆ ಅದು ಇಷ್ಟವಾಗಲಿಲ್ಲ. ವ್ಯಾಪಾರ ಕುದುರಿದ ಮೇಲೆ ದೊಡ್ಡವರು ನಡುವೆ ಬರಬಾರದಂತೆ.

ಅಂದು ಸಂಜೆ ಚೌಕದ ಬೆಂಚಿನಲ್ಲಿ ಪಕ್ಕಕ್ಕೆ ಕುಳಿತವರು ಎಪ್ಪತ್ತು ದಾಟಿದ ಹಿರಿಯರು. ಅವರ ಮೊಮ್ಮಗ ನನ್ನ ಮಗನಿಗೆ ತನ್ನ ಸ್ಕೂಟರ್ ಕೊಟ್ಟಿದ್ದ. ವಯಸ್ಸಿನಲ್ಲಿದ್ದಾಗ ಲಂಡನ್ನಿನ ಹೋಟೆಲಿನಲ್ಲಿ ದುಡಿದಿದ್ದರಂತೆ, ಇಂಗ್ಲಿಷ್ ಚೆನ್ನಾಗಿತ್ತು. ಎಲ್ಲಿ ಉಳಿದಿದ್ದೀರಿ ಎಂದು ಕೇಳಿದರು. ನನಗೆ ಅದೇ ಬೇಕಿತ್ತು, ಮನೆ ಮಾಲೀಕನ ಮೇಲಿನ ಸಿಟ್ಟನ್ನೆಲ್ಲ ತೋಡಿಕೊಂಡೆ. ಜಾಹೀರಾತಿನಲ್ಲಿ ಎರಡನೇ ಮಹಡಿ ಎಂದಿತ್ತು. ಲಿಫ್ಟ್ ಇಲ್ಲ, ಎರಡೇ ಮಹಡಿ ತಾನೇ ಎಂದು ಒಪ್ಪಿದ್ದೆವು. ಸ್ಟ್ರೋಲರ್, ಪೆಟ್ಟಿಗೆ, ನಿದ್ದೆಗಣ್ಣಿನ ಮಗುವನ್ನು ಹೊತ್ತು ಹತ್ತಿದರೆ ಅದು ನಾಲ್ಕನೆಯದು. ಕೇಳಿದ್ದಕ್ಕೆ ಮಾಲೀಕ ಕಳಿಸಿದ ಉತ್ತರ: “ಬಾಗಿಲ ಮೇಲೆ ಎರಡು ಎಂದೇ ಬರೆದಿದೆ.”

ಹಿರಿಯರು ಹೊಟ್ಟೆ ಹಿಡಿದು ನಕ್ಕರು. ಇಲ್ಲಿನ ಹಳೆಯ ಮನೆಗಳಲ್ಲಿ ನೆಲಮಹಡಿಯಾದ ಮೇಲೆ ‘ಎಂತ್ರೆಸೊಲ್’, ಅದರ ಮೇಲೆ ‘ಪ್ರಿನ್ಸಿಪಾಲ್’, ಆಮೇಲಷ್ಟೇ ಒಂದು, ಎರಡು ಎಂಬ ಎಣಿಕೆ. ಲಿಫ್ಟ್ ಇಲ್ಲದ ಕಾಲದಲ್ಲಿ ಪ್ರಿನ್ಸಿಪಾಲ್ ಧಣಿಗಳದು. ಮೇಲೆ ಹೋದಷ್ಟೂ ಬಡವರು. (ಹೋಗುವವರು ಮಹಡಿ ಕೇಳಬೇಡಿ, ಬೀದಿಬಾಗಿಲಿನಿಂದ ಮೆಟ್ಟಿಲು ಎಷ್ಟು ಎಂದು ಬರೆಸಿಕೊಳ್ಳಿ.)

“ಪ್ರವಾಸಿಗರಿಗೆ ಕೊಡುವ ಮನೆಯೇ?” ಎಂದರು ಆಮೇಲೆ.

ಹೌದೆಂದೆ.

ಅವರ ಮಗಳು ಹುಟ್ಟಿ ಬೆಳೆದದ್ದು ಇದೇ ರಸ್ತೆಯಲ್ಲಿ. ಈಗ ನಗರಕ್ಕೆ ಅಂಟಿಕೊಂಡಿರುವ ಲೊಸ್ಪಿತಾಲೆತ್‌ನಲ್ಲಿದ್ದಾಳೆ. ಇಲ್ಲಿನ ಬಾಡಿಗೆ ಕೈಗೆಟುಕುತ್ತಿಲ್ಲ. ಮೊಮ್ಮಗ ಇಲ್ಲಿ ಆಡಬೇಕೆಂದರೆ ಮೆಟ್ರೊದಲ್ಲಿ ಬರಬೇಕು. “ಲಾರಿಗಳು ಹೊಗೆ ಉಗುಳುತ್ತಿದ್ದಾಗ ನಮ್ಮನ್ನು ಯಾರೂ ಕೇಳುತ್ತಿರಲಿಲ್ಲ. ಬೀದಿ ಚೆಂದವಾಯಿತು, ಎಲ್ಲರೂ ಬಂದರು.”

ಹಾಗಾದರೆ ಲಾರಿಗಳೇ ಇರಬೇಕಿತ್ತೇ ಎಂದು ಕೇಳಿದೆ. ಅವರು ನನ್ನತ್ತ ತಿರುಗಿ, ಮಕ್ಕಳಿಗೆ ಹೇಳುವಂತೆ ನಿಧಾನವಾಗಿ, “ಇಲ್ಲಮ್ಮ. ಬೀದಿಯೂ ಬೇಕು, ಮಗಳೂ ಬೇಕು” ಎಂದರು. ಪ್ರವಾಸಿ ಮನೆಗಳ ಪರವಾನಗಿಗಳನ್ನೆಲ್ಲ 2028ರ ನವೆಂಬರ್ ವೇಳೆಗೆ ಕೊನೆಗೊಳಿಸುವುದಾಗಿ ನಗರಾಡಳಿತ 2024ರಲ್ಲಿ ಘೋಷಿಸಿದೆ. ಅದನ್ನು ಎತ್ತಿದಾಗ ಭುಜ ಕುಣಿಸಿದರು: “ಬರಲಿ, ನೋಡೋಣ.”

ನನಗೆ ಮಾತು ತೋಚಲಿಲ್ಲ. ಕ್ಷಮೆ ಕೇಳಿದರೆ ನಾಟಕ, ಸುಮ್ಮನಿದ್ದರೆ ಉದ್ಧಟತನ. ಅಷ್ಟರಲ್ಲಿ ಸ್ಕೂಟರ್‌ಗಾಗಿ ಜಗಳ ಶುರುವಾಗಿತ್ತು. ಇಬ್ಬರೂ ಎದ್ದು ಹೋಗಿ ನಮ್ಮ ನಮ್ಮವನನ್ನು ಎಳೆದುಕೊಂಡೆವು. ಹೊರಡುವಾಗ ಅವರು ನಮ್ಮ ಸ್ಟ್ರೋಲರನ್ನು ಒಮ್ಮೆ ಎತ್ತಿ ತೂಕ ನೋಡಿದರು.

“ಮುಂದಿನ ಸಲ ಲೊಸ್ಪಿತಾಲೆತ್‌ನಲ್ಲಿ ಉಳಿಯಿರಿ,” ಎಂದರು. “ನನ್ನ ಮಗಳ ಕಟ್ಟಡದಲ್ಲಿ ಲಿಫ್ಟ್ ಇದೆ.”